ನಲವತ್ತೊಂದನೆಯ ದಿನ

ತೊರವಿಯ ಹಳೆ ಬಾವಿಗೆ ಬಣ್ಣ ಸುರಿದದ್ದು
ಸೋಮವಾರ. ಹಸಿರು, ಒಂದು ಬೊಗಸೆಯಷ್ಟು.
ಆಮೇಲೆ ದಿನಾ ಬೈಕ್ ಮೇಲೆ
ಹನ್ನೊಂದು ಬಾವಿ, ಹನ್ನೊಂದು ಸೀಸೆ.
ಬಿಸಿಲಿಗೆ ಮಾಸುವ ಬಣ್ಣ;
ಸೀಸೆಗಳಿಗೆ ಕರಿಬಟ್ಟೆಯ ಮುಸುಕು.

ಅಳತೆಪಟ್ಟಿಗೆ ಸೀಮೆಸುಣ್ಣ ಬಳಿದು ಇಳಿಸುತ್ತೇನೆ.
ಎಲ್ಲಿ ತೊಯ್ದಿತೋ ಅಲ್ಲಿ ನೀರು.
ಬಾವಿ ಹೇಳುವುದು ಅಷ್ಟೇ:
ಮೊನ್ನೆಗಿಂತ ನಾಲ್ಕು ಬೆರಳು ಕೆಳಗೆ.

"ಕೆಳಗ ಹೊಳಿ ಹರಿತೈತೇನ್ರಿ ಬಾಯಾರ?"
ಕೇಳಿದಳು ಶಾವಂತ್ರೆವ್ವ, ಬಕೀಟು ಇಳಿಸಿ.
ಹೊಳೆಯಲ್ಲ ಎಂದೆ. ಎರೆಮಣ್ಣಿನಡಿ ಕರಿಕಲ್ಲು,
ಕಲ್ಲಿನೊಳಗೆ ಕೂದಲೆಳೆ ಬಿರುಕು,
ಅದರಲ್ಲಿ ತಡವರಿಸುತ್ತ, ಗೋಡೆ ಹಿಡಿದು,
ಕರೆಂಟು ಹೋದ ಮನೆಯಲ್ಲಿ ನಡೆದ ಹಾಗೆ.

ನಿನ್ನೆಯ ಅಡ್ಡಮಳೆ ಒಂದೇ ತಾಸಿನಲ್ಲಿ
ಹಳ್ಳ ಹಿಡಿದು ಡೋಣಿಯ ಕಡೆ ಓಡಿತು.
ಕೆಳಗಿನದಕ್ಕೆ ಇನ್ನೂ ಹಾದಿ ಮುಗಿದಿಲ್ಲ.

ನಲವತ್ತೊಂದನೆಯ ದಿನ ಅವಳದೇ ಫೋನು:
"ನೀರು ಗಿಳಿಬಣ್ಣ ಆಗೇತಿ, ಬರ್ರಿ."
ಓಡಿದೆ, ಬೈಗುಳಕ್ಕೆ ಸಿದ್ಧಳಾಗಿ.
ಅವಳು ಗಾಜಿನ ಲೋಟ ಬೆಳಕಿಗೆ ಹಿಡಿದು
ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು.
"ಎರಡ ಫರ್ಲಾಂಗ ದಾರಿ, ಇಷ್ಟ ದಿನಾ?
ಪಾಪ, ಬಾಳ ದಣದಿರಬೇಕು"
ಎಂದವಳೇ ಲೋಟವನ್ನು
ನೆರಳಿಗೆ ತಂದಿಟ್ಟಳು.