ಮಂಗಳವಾರದ ಉಗುರು

ಮಂಗಳವಾರ ಉಗುರು ತೆಗೆಯಬಾರದು ಅಂತಿದ್ದಳು ಅವ್ವ,
ದೀಪ ಹಚ್ಚಿದ ಮೇಲಂತೂ ಕತ್ತರಿ ಮುಟ್ಟಲೇಬಾರದು.
ಗ್ರಿಮ್ಸ್‌ಬಿಯಲ್ಲಿ ನಮ್ಮ ಕ್ಲಿನಿಕ್ಕು ಮಂಗಳವಾರವೇ.
ಡಿಸೆಂಬರಿನಲ್ಲಿ ಮೂರೂವರೆಗೇ ದೀಪ.
ಏನು ಮಾಡಲಿ ಅವ್ವಾ,
ಚರ್ಚಿನ ಹಿಂದಿನ ಕೋಣೆ ಖಾಲಿ ಇರುವುದು ಅವತ್ತೊಂದೇ ದಿನ.

ಒಂದು ಬೋಗುಣಿ ಉಗುರುಬೆಚ್ಚಗಿನ ನೀರು.
(ಆ ಮಾತಿನೊಳಗೆ ಉಗುರಿದೆ ಎಂದು
ಹೊಳೆಯಲು ನನಗೆ ಉತ್ತರ ಸಮುದ್ರ ಬೇಕಾಯಿತು.)

ಮೊದಲು ಎಲ್ಲರೂ ಕ್ಷಮೆ ಕೇಳುತ್ತಾರೆ, ಕಾಲಿನ ಪರವಾಗಿ.
"ಸಾರಿ ಲವ್, ನೋಡುವ ಹಾಗಿಲ್ಲ ಅವು."
ಕಾಲುಚೀಲದೊಳಗೇ ಬೆರಳು ಮುದುಡುತ್ತವೆ.
ನಮ್ಮ ಕಡೆ ಹಿರಿಯರ ಕಾಲು ಮುಟ್ಟಿದರೆ
ತಲೆ ಮೇಲೆ ಕೈ ಇಡುತ್ತಾರೆ ಎಂದೆ.
ಮೇವಿಸ್ ಟಪ್ಲಿನ್ ನಿಜವಾಗಿಯೂ ಇಟ್ಟಳು.
ತೊಂಬತ್ತೊಂದರ ಕೈ, ಪೆಪ್ಪರ್‌ಮಿಂಟ್ ವಾಸನೆ.
ಬಾಚಿದ ಕೂದಲೆಲ್ಲ ಕೆದರಿತು.

ಕ್ಲಿಫರ್ಡ್ ಹಾಲ್ಡನ್ ಮಾತ್ರ ಬೂಟು ಬಿಚ್ಚಲಿಲ್ಲ.
ಮೂರು ಮಂಗಳವಾರ ಬಂದ, ಟೀ ಕುಡಿದ, ಹೋದ.
ಐಸ್‌ಲ್ಯಾಂಡಿನ ಕಡಲಲ್ಲಿ ಮೀನು ಹಿಡಿದವನು,
ಹಿಮಕ್ಕೆ ಎರಡು ಬೆರಳು ಕೊಟ್ಟು ಬಂದವನು.
ಫಾರ್ಮಿನಲ್ಲಿ ಪ್ರಶ್ನೆ: ಈ ವರ್ಷ ಬಿದ್ದಿದ್ದೀರಾ?
"ಬಿದ್ದಿಲ್ಲ.
ಎರಡು ಸಲ ಸ್ವಲ್ಪ ಬೇಗ ಕೂತೆ."

ನಾನು ಮುಖ ನೋಡಲಿಲ್ಲ. ಬೂಟಿನ ಹಿಮ್ಮಡಿ ನೋಡಿದೆ.

ಹುಬ್ಬಳ್ಳಿ ದುರ್ಗದಬೈಲಿನ ಮೆಟ್ಟಿಲ ಕೆಳಗೆ ಅಪ್ಪನ ಅಂಗಡಿ.
ಅಂಗಡಿ ಎಂದರೆ ಒಂದು ಗೋಣಿತಟ್ಟು, ದಬ್ಬಣ, ಮೇಣ ಸವರಿದ ದಾರ.
ಜನ ದೂರದಿಂದಲೇ ಚಪ್ಪಲಿ ಎಸೆದು
ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ಕಾಯುತ್ತಿದ್ದರು.
ಸವೆದ ಹಿಮ್ಮಡಿಯನ್ನು ಬೆಳಕಿಗೆ ಹಿಡಿದು ಅಪ್ಪ ಅನ್ನುತ್ತಿದ್ದ:
"ಈ ಸಾಹೇಬ ಎಡಕ್ಕ ವಾಲತಾನವಾ,
ಮಳಿಗಾಲದಾಗ ಬೀಳತಾನ ನೋಡು."
ಅನ್ನುತ್ತಿದ್ದುದು ನನಗೆ ಮಾತ್ರ.
ಸಾಹೇಬರಿಗೆ ಹೇಳಿದರೆ ಯಾರು ಕೇಳಬೇಕು?

"ಎಡಕ್ಕೆ ವಾಲುತ್ತೀರಿ," ಎಂದೆ ಕ್ಲಿಫರ್ಡನಿಗೆ,
"ಬಲಗಾಲ ಹೆಬ್ಬೆರಳು ನೋಯುತ್ತಿರಬೇಕು."
ಮೋಡ ನೋಡಿ ಬಲೆ ಇಳಿಸುವವನ ಹಾಗೆ
ಬಹಳ ಹೊತ್ತು ನನ್ನನ್ನೇ ನೋಡಿದ.
ಆಮೇಲೆ ಲೇಸು ಬಿಚ್ಚಿದ.

ವಿನಿಫ್ರೆಡ್ ಇದ್ದಾಗ ಭಾನುವಾರ ಪೇಪರು ಹಾಸಿ,
ರೇಡಿಯೋ ಹಾಕಿ, ಅವಳೇ ತೆಗೆಯುತ್ತಿದ್ದಳಂತೆ.
ಅವಳು ಹೋದ ಮೇಲೆ ಕೈಗೆ ಕಾಲು ದೂರವಾಯಿತು.
ಉಗುರು ಟಗರಿನ ಕೊಂಬಿನಂತೆ ಸುತ್ತಿ
ಪಕ್ಕದ ಬೆರಳನ್ನೇ ತಿವಿಯುತ್ತಿತ್ತು.
ಇಷ್ಟಕ್ಕೇ ಬಿಟ್ಟನಂತೆ ಮೊದಲು ಬಂದರಿನ ಗೆಳೆಯರನ್ನು,
ಆಮೇಲೆ ಅಂಗಡಿ, ಆಮೇಲೆ ಮನೆಯ ಮಹಡಿ.
ಡಾಕ್ಟರು ಮಂಡಿ ನೋಡಿದರು, ಕಿವಿ ನೋಡಿದರು,
ರಕ್ತದೊತ್ತಡ ಬರೆದುಕೊಂಡರು.
ಬೂಟು ಬಿಚ್ಚಿ ಅಂದವರಿಲ್ಲ.

ಕಾಲು ಹಿಡಿದು ಬದುಕಿದಳು ಎಂದರೆ ನಮ್ಮ ಭಾಷೆಯಲ್ಲಿ ಬೈಗುಳ.
ನಾನು ಕಾಲು ಹಿಡಿದೇ ಮನೆಯ ಸಾಲ ತೀರಿಸಿದೆ.
ಅಪ್ಪ ಜೀವನವಿಡೀ ಚಪ್ಪಲಿ ಮುಟ್ಟಿದ,
ಕಾಲು ಮುಟ್ಟಗೊಟ್ಟವರಿಲ್ಲ.
ಅಳತೆಗೂ ಕಾಗದದ ಮೇಲೆ ನಿಲ್ಲಿಸಿ
ಸುತ್ತ ಪೆನ್ಸಿಲ್ ಎಳೆಯುತ್ತಿದ್ದ, ಉಸಿರು ಹಿಡಿದು, ತಾಗದ ಹಾಗೆ.
ಈಗ ನನ್ನ ತೊಡೆಯ ಮೇಲೆ
ಎಂಬತ್ತಾರು ವರ್ಷದ ಪಾದ, ತಣ್ಣಗೆ, ಭಾರ.
ದೋಣಿಗೆ ಬಿದ್ದ ಮೀನಿನ ಹಾಗೆ ಒಮ್ಮೆ ಕೊಸರಿ
ಸುಮ್ಮನಾಯಿತು.

ಟಕ್ ಎಂದು ಒಂದು ಚೂರು ಹಾರಿ
ಪಿಯಾನೊ ಅಡಿಗೆ ಹೋಯಿತು.
"ಇರಲಿ ಬಿಡು," ಎಂದ, "ನನ್ನ ಹೆಸರಲ್ಲಿ ದೇವರಿಗೆ."

ಎದ್ದು ಟೀ ಮೇಜಿನವರೆಗೆ ನಡೆದ.
ಗೋಡೆ ಹಿಡಿಯಲಿಲ್ಲ.
ಅದು ಅವನ ಗಮನಕ್ಕೆ ಬರಲಿಲ್ಲ, ನಾನೂ ಹೇಳಲಿಲ್ಲ.
ಕಪ್ಪು ಹಿಡಿದು ತಿರುಗಿ ಕೇಳಿದ:
"ನಿನ್ನದು ಯಾರು ತೆಗೆಯುತ್ತಾರೆ?"

ನನಗೆ ಅರವತ್ತೊಂದು. ಬಗ್ಗಿದರೆ ಉಸಿರು ಕಟ್ಟುತ್ತದೆ.
"ಇನ್ನೂ ಎಟುಕುತ್ತದೆ," ಎಂದೆ.

ಹೊರಗೆ ಆಗಲೇ ಕತ್ತಲು.
ದೀಪ ಹಚ್ಚಿದ ಮೇಲೆ ಕಸ ಗುಡಿಸಲೂಬಾರದು, ಗೊತ್ತು.
ಗುಡಿಸಿದೆ.