ಸೊನ್ನೆ ಬರುವ ತನಕ

ಅಂಕೋಲೆಯ ಟೈರಂಗಡಿ ಮುಚ್ಚಿದ ವಾರ
ಫಕ್ರುಸಾಬರು ಹೇಳಿದ ದರಕ್ಕೇ ಕೊಂಡು
ಮೀನಿನ ಟೆಂಪೋದಲ್ಲಿ ಮಲಗಿಸಿ ತಂದೆ,
ಐಸಿನ ನೀರು ತಾಗದಂತೆ ಗೋಣಿ ಸುತ್ತಿ.
ಕೋಡಿಬಾಗದ ನಮ್ಮ ಜಗುಲಿಯಲ್ಲಿ,
ಹರಿದ ಬಲೆ ರಾಶಿ ಹಾಕುತ್ತಿದ್ದ ಮೂಲೆಯಲ್ಲಿ
ಈಗ ಅದು ನಿಂತಿದೆ,
ಚಕ್ರದ ತೂಕ ಸರಿಮಾಡುವ ಯಂತ್ರ.
ಆಯಿ ಸುತ್ತ ಒಂದು ಸಲ ಬಂದು ನೋಡಿದಳು:
'ತಟ್ಟೆಯೂ ಇಲ್ಲ, ಕಲ್ಲೂ ಇಲ್ಲ,
ಇದೆಂಥ ತಕ್ಕಡಿಯೇ?'

ಎಪ್ಪತ್ತು ದಾಟಿದರೆ ಸ್ಟಿಯರಿಂಗು ನಡುಗುತ್ತಿತ್ತು.
ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ
ಮೊಣಕೈ ತನಕ ಜೋಮು.
ಅಂಗಡಿಗೆ ಕೊಟ್ಟೂ ಕೊಟ್ಟೂ ಸಾಕಾಗಿ
ನಾನೇ ಕಲಿತೇನು ಅಂದುಕೊಂಡೆ.

ಕಲಿಸುವವರು ಫೋನಿನಲ್ಲಿ.
'ಕೋನು ಸರಿ ಕೂತಿದೆಯಾ? ನಟ್ಟು ಬಿಗಿಯಾ?
ರಿಮ್ಮು ಎಷ್ಟು ದೂರ, ಎಷ್ಟು ಅಗಲ, ಎಷ್ಟು ಇಂಚು,
ಅದಕ್ಕೆ ನಿಜ ಹೇಳು ತಂಗಿ.
ನೀ ಸುಳ್ಳು ಹೇಳಿದರೆ ಅದೂ ಹೇಳ್ತದೆ.'

ಮೊದಲ ರಾತ್ರಿ ಅಗಲದ ಜಾಗದಲ್ಲಿ ದೂರ ಒತ್ತಿದೆ.
ಹಳೆಯ ಸೀಸ ಕೀಳದೆ ಅದರ ಪಕ್ಕಕ್ಕೇ ಹೊಸದು ಬಡಿದೆ.
ಬೆರಳೂ ಬಡಿದುಕೊಂಡೆ.
ಆಮೇಲೆ ಗೊತ್ತಾಯಿತು, ಜಗುಲಿಯೇ ವಾಲಿದೆ:
ಮಳೆನೀರು ಅಂಗಳಕ್ಕೆ ಇಳಿಯಲಿ ಎಂದು
ಗವಂಡಿ ಬೇಕಂತಲೇ ಕೊಟ್ಟ ಇಳಿಜಾರು.
ಯಂತ್ರದ ಒಂದು ಕಾಲಿನಡಿ ಹಂಚಿನ ಚೂರು ಇಟ್ಟೆ,
ಮೇಲೆ ನೀರು ತುಂಬಿದ ತಾಟು ಇಟ್ಟು ನೋಡಿ
ಇನ್ನೊಂದು ಚೂರು.

ನಾಲ್ಕು ಚಕ್ರ ಹೇಗೋ ಮುಗಿಯಿತು.
ಆಮೇಲೆ ಸ್ಟೆಪ್ನಿ.
ಗುರುದಾಸ ತಾಂಡೇಲನ ಬಲೆಗುಡಿಸಲ ಹೊರಗೆ
ಒಂದು ಮಳೆಗಾಲ ಪೂರ್ತಿ ಬಿದ್ದಿದ್ದ ಟೈರು,
ಅರ್ಧ ಬೆಲೆಗೆ. ಗೀರುಗಳು ಇನ್ನೂ ಆಳವಾಗೇ ಇದ್ದವು.
ತಿರುಗಿಸಿದೆ: ಒಳಗೆ ಮೂವತ್ತೈದು, ಹೊರಗೆ ಹತ್ತು.
ಸೀಸ ಬಡಿದೆ, ತಿರುಗಿಸಿದೆ: ಒಳಗೆ ಹತ್ತು, ಹೊರಗೆ ಐವತ್ತು.
ಎಲ್ಲ ಕಿತ್ತು ತಿರುಗಿಸಿದೆ: ನಲವತ್ತು, ಇಪ್ಪತ್ತು.
ಏನೂ ಮುಟ್ಟದೆ ತಿರುಗಿಸಿದೆ: ಐದು, ಅರವತ್ತು.
ಕುಡಿದವನ ಹತ್ತಿರ ದಾರಿ ಕೇಳಿದ ಹಾಗೆ.

ಫಕ್ರುಸಾಬರು ಫೋನು ಎತ್ತಲಿಲ್ಲ.
ಯಂತ್ರಕ್ಕೆ ಬೈದೆ, ಕರೆಂಟಿಗೆ ಬೈದೆ,
ತಾಂಡೇಲನ ಮನೆತನಕ್ಕೆ ಬೈದೆ.
ಶೆಟ್ಲಿ ಬಿಡಿಸುತ್ತ ಕೂತಿದ್ದ ಆಯಿ ತಲೆ ಎತ್ತದೆ ಅಂದಳು:
'ಒಳಗೆಂಥದೋ ಓಡಾಡ್ತದೆ.
ಜೀವ ಇರೂ ಏಡಿ ತೂಗಿ ನೋಡು,
ಮುಳ್ಳು ಒಂದು ಕಡೆ ನಿಲ್ಲೂದಿಲ್ಲ.'

ಗಾಳಿ ಬಿಟ್ಟು, ಟೈರು ಎಬ್ಬಿಸಿ ಬಗ್ಗಿಸಿದರೆ
ಒಂದು ಲೋಟ ನೀರು.
ಚೆಲ್ಲಿಯೇ ರಿಮ್ಮಿಗೆ ಏರಿಸಿದ್ದೆ, ಚೆಲ್ಲಿದ್ದು ಸಾಲಲಿಲ್ಲ.
ಹೋದ ಆಷಾಢದ ಮಳೆ, ಬಲೆಯ ವಾಸನೆ ಹೊಡೆಯುತ್ತಿದ್ದುದು,
ತಿರುಗಿಸಿದಾಗೊಮ್ಮೆ ಹೊಸ ಜಾಗ ಹಿಡಿದು ಭಾರವಾಗುತ್ತಿತ್ತು.
ಜಗುಲಿಯ ಇಳಿಜಾರು ಈಗ ಉಪಯೋಗಕ್ಕೆ ಬಂತು.

ಒಂದು ದಿನ ಬಿಸಿಲಿಗಿಟ್ಟೆ. ಮತ್ತೆ ಏರಿಸಿದೆ.
ಇಪ್ಪತ್ತು, ಹದಿನೈದು. ಬಡಿದೆ.
ಸೊನ್ನೆ. ಸೊನ್ನೆ.
ಪಕ್ಕದ ಮನೆಯ ನಾಯಿ ಬೊಗಳುವಷ್ಟು ಕೂಗಿದೆ.

'ಸೊನ್ನೆ ಅಂದರೆ ಸೊನ್ನೆ ಅಲ್ಲ ತಂಗಿ,'
ಕೊನೆಗೆ ಫೋನು ಮಾಡಿದ ಫಕ್ರುಸಾಬರು ನಕ್ಕರು.
'ಐದು ಗ್ರಾಮಿನ ಒಳಗಿದ್ದರೆ ಅದು ಬಾಯಿ ಮುಚ್ಚಿಕೊಳ್ತದೆ.
ಕೆಳಗಿನ ಗುಂಡಿ ಒತ್ತು, ಒಪ್ಪಿಕೊಳ್ತದೆ.'
ಒತ್ತಿದೆ. ಮೂರು, ಎರಡು.
ತುಸು ಹೊತ್ತು ನೋಡುತ್ತ ನಿಂತೆ.

ಪೇಟೆಯಲ್ಲಿ ಮುಳ್ಳು ನೆಟ್ಟಗೆ ನಿಂತ ಮೇಲೂ
ಆಯಿ ಒಂದು ತಾರ್ಲೆ ಮೇಲೆ ಹಾಕುತ್ತಾಳೆ.
ಚಿಕ್ಕವಳಿದ್ದಾಗ ಕೇಳಿದ್ದೆ, ಯಾಕೆ ಅಂತ.
'ಮುಳ್ಳು ನೋಡೂಕೆ ಬರ್ತಾರೇನೇ ಗಿರಾಕಿಗಳು?'

ಆ ಮೂರು, ಎರಡನ್ನು ಹಾಗೇ ಬಿಟ್ಟೆ.
ಅದೇ ಚಕ್ರವನ್ನು ಮುಂದಿನ ಎಡಕ್ಕೆ ಹಾಕಿ
ಬೆಳಗಿನ ಜಾವ ಬೈತ್‌ಖೋಲದಲ್ಲಿ ಬಂಗುಡೆ ತುಂಬಿಕೊಂಡು ಹೊರಟೆ.
ಹಾರವಾಡ ದಾಟಿ ಎಪ್ಪತ್ತೈದು.
ಸ್ಟಿಯರಿಂಗು ಸುಮ್ಮನಿದೆ.
ಎಡಬಾಗಿಲ ಕೀಲು ಕಿರುಗುಡುತ್ತದೆ ಎಂಬುದು
ಇವತ್ತೇ ಕೇಳಿಸಿದ್ದು.