ಹದಿಮೂರರ ಮಗ್ಗಿ

ಬಾಣಾವರದಲ್ಲಿ ಧ್ರುವ ನಕ್ಷತ್ರ ತೀರ ಕೆಳಗೆ.
ದಿಗಂತದಿಂದ ಹದಿಮೂರು ಡಿಗ್ರಿ;
ಕೈ ಚಾಚಿದರೆ ಒಂದು ಮುಷ್ಟಿ, ಮೇಲೆ ಎರಡು ಬೆರಳು.
ಅದೂ ನೀರಿನ ಟ್ಯಾಂಕಿನ ಹಿಂದೆ.
ಏಣಿಯ ಎಡಕ್ಕೆ, ಮುರಿದ ಮೆಟ್ಟಿಲ ಸಮಕ್ಕೆ
ಇದೆ ಎಂದು ನಂಬಿ ಶುರುಮಾಡುತ್ತೇನೆ.

ಹಗಲು ಸ್ಟುಡಿಯೊ, ರೈಲ್ವೆ ಗೇಟಿನ ಹತ್ತಿರ.
ಬ್ಯಾಂಕಿಗೆ, ಅರ್ಜಿಗೆ, ಗೋಡೆಗೆ ಮುಖಗಳು.
‘ಗಲ್ಲ ಎತ್ತಿ. ಉಸಿರು ಹಿಡೀರಿ.’
‘ಸ್ವಲ್ಪ ಬೆಳ್ಳಗೆ ಮಾಡಣ್ಣ’ ಅಂದರೆ
ಮಾಡುತ್ತೇನೆ.
ಮದುವೆಗಳಲ್ಲಿ ಸವೆದ ಅದೇ ಕ್ಯಾಮೆರಾ
ರಾತ್ರಿ ತಾರಸಿ ಹತ್ತುತ್ತದೆ,
ಕೊರಳ ಪಟ್ಟಿಯಲ್ಲಿ ಯಾರದೋ ಅರಿಶಿನ.

ಆಕಾಶದ ಜೊತೆ ತಿರುಗಲು ಒಂದು ಯಂತ್ರ ಮಾಡಿದ್ದೇನೆ:
ಹಳೇ ಬಾಗಿಲಿನ ಎರಡು ಹಲಗೆ, ಒಂದು ಕೀಲು,
ಗ್ಯಾರೇಜಿನ ಮುನೀರ್ ಕಡೆದುಕೊಟ್ಟ ಉದ್ದ ತಿರುಪು.
ಹದಿನೈದು ಸೆಕೆಂಡಿಗೆ ಕಾಲು ಸುತ್ತು.
ತಪ್ಪಿದರೆ ಚುಕ್ಕಿ ಹುಳುವಾಗುತ್ತದೆ.
ಮೊಬೈಲು ನೋಡಿದರೆ ಕಣ್ಣಿನ ಕತ್ತಲು ಕೆಡುತ್ತದೆ,
ಅದಕ್ಕೆ ಮಗ್ಗಿ.
ಹದಿಮೂರ್ ಒಂದ್ಲ ಹದಿಮೂರರಿಂದ
ಹದಿಮೂರ್ ಹತ್ಲ ನೂರಾ ಮೂವತ್ತರ ತನಕ,
ಓಡಿಸದೆ, ಎಳೆಯದೆ ಹೇಳಿದರೆ
ಸರಿಯಾಗಿ ಕಾಲು ನಿಮಿಷ.
ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ ಮೇಷ್ಟ್ರಿಗೆ
ಪಾಪ, ಗೊತ್ತಿರಲಿಲ್ಲ
ಇದು ದೇವಯಾನಿಗೆ ಬೇಕಾಗುತ್ತದೆಂದು.

ಎಲ್ಲ ಸರಿ, ಮನೆ ಮುಂದಿನ ಕಂಬ ಒಂದನ್ನು ಬಿಟ್ಟು.
ಹಳದಿ ಬಲ್ಬು ತೆಗೆದು ಬಿಳಿ ಎಲ್‌ಇಡಿ ಹಾಕಿದಂದಿನಿಂದ
ನನ್ನ ತಾರಸಿ ಆಪರೇಷನ್ ಥಿಯೇಟರು.
ಲೈನ್‌ಮ್ಯಾನ್ ಚಿಕ್ಕೀರಪ್ಪನನ್ನು ಕೇಳಿದೆ:
ಒಂದು ರಾತ್ರಿ, ಎರಡೇ ಗಂಟೆ, ಆರಿಸು.
‘ಹದಿನೇಳು ವರ್ಷದ ಸರ್ವೀಸು.
ಹತ್ಸು ಹತ್ಸು ಅಂತ ಬೈಸ್ಕೊಂಡಿದೀನಿ.
ಆರ್ಸು ಅಂದೋನು ನೀನೊಬ್ನೆ.’
ನಗುತ್ತಾ ಹೋದ.
ಮಗಳ ನಾಮಕರಣದ ಆಲ್ಬಮ್ಮಿನ ಬಾಕಿ
ನಾನು ಎತ್ತಲಿಲ್ಲ. ಅವನೂ ಎತ್ತಲಿಲ್ಲ.

ಎಳ್ಳಮಾವಾಸ್ಯೆ. ಎಂಟು ಗಂಟೆ.
ಕಂಬ ಆರಿತು.
ಎದುರು ಮನೆ ಗಂಗಬೋರಮ್ಮ ಹೊರಗೆ ಬಂದು
ಕರೆಂಟಿನವರ ಏಳು ತಲೆಮಾರನ್ನು ಹೆಸರಿಲ್ಲದೆ ಬೈದರು.
ಬೈದು ಮುಗಿದ ಮೇಲೆ
ಒಳಗೆ ಹೋಗದೆ, ಜಗಲಿಯಲ್ಲೇ
ಮೊರ ಎಳೆದುಕೊಂಡು ಕೂತು
ಬೆರಳ ಅಂದಾಜಿನಲ್ಲಿ ಅವರೆಕಾಯಿ ಸುಲಿದರು.
ಚಟ್. ಚಟ್.
ನನ್ನ ಮಗ್ಗಿ ಎರಡು ಸಲ ಅದರ ಹಿಂದೆ ಹೋಗಿ
ದಾರಿ ತಪ್ಪಿತು.

ಅವರೆಗೆ ಸೊಗಡು ಕಟ್ಟುವ ಇಬ್ಬನಿಯೇ
ನನ್ನ ಲೆನ್ಸಿಗೆ ಪೊರೆ.
ಕಾಲುಚೀಲದಲ್ಲಿ ಬಿಸಿ ಉಪ್ಪು ತುಂಬಿ ಸುತ್ತಿದೆ.
ಒಂಬತ್ತರ ನಂತರ ಹುಬ್ಬಳ್ಳಿ ಕಡೆಯ ರೈಲು ಬಂದು
ತಾರಸಿ ನಡುಗಿತು;
ಆ ನಾಲ್ಕು ಫ್ರೇಮಿನ ಚುಕ್ಕಿಗಳೆಲ್ಲ
ಮುದುಕರು ಹಾಕಿದ ಸಹಿ.

ಉಳಿದದ್ದು ತೊಂಬತ್ತೊಂದು.
ಹದಿಮೂರ್ ಏಳ್ಲ.

ಒಂದರ ಮೇಲೊಂದು ಹಾಸಿದೆ.
ಒಮ್ಮೆ ಮಾತ್ರ ಬಂದುಹೋದದ್ದನ್ನು
ಕಂಪ್ಯೂಟರು ಸುಳ್ಳೆಂದು ಅಳಿಸುತ್ತದೆ:
ವಿಮಾನ, ಬಾವಲಿ,
ಗಂಗಬೋರಮ್ಮನ ಮೊಮ್ಮಗ ಬೀಸಿದ ಟಾರ್ಚು.
ಪ್ರತಿಯೊಂದರಲ್ಲೂ ಮಂಕಾಗಿ, ಇದ್ದೂ ಇಲ್ಲದ ಹಾಗೆ ಕೂತಿದ್ದದ್ದು
ನಿಧಾನಕ್ಕೆ ಮೇಲೆ ಬಂತು.
ವಿಭೂತಿ ಹೆಬ್ಬೆರಳನ್ನು
ಕರಿಹಲಗೆಗೆ ಓರೆಯಾಗಿ ಒರೆಸಿದ ಹಾಗೆ.
ಇಪ್ಪತ್ತೈದು ಲಕ್ಷ ವರ್ಷ ನಡೆದು ಬಂದ ಬೆಳಕು,
ಯಾರೂ ಗಲ್ಲ ಎತ್ತು ಅಂದಿರಲಿಲ್ಲ.
ಸುಳ್ಳು ಯಾಕೆ, ಇದನ್ನೂ
ಸ್ವಲ್ಪ ಬೆಳ್ಳಗೆ ಮಾಡಿದೆ.

ಮೊದಲ ಪ್ರಿಂಟು ಚಿಕ್ಕೀರಪ್ಪನಿಗೆ.
ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ,
ಹಿಂಬದಿಯನ್ನೂ ನೋಡಿ ಕೇಳಿದ:
‘ಇದ್ರಲ್ಲಿ ನಾನು ಆರ್ಸಿದ ದೀಪ ಎಲ್ಲಿ?’

ತೋರಿಸಲು ಬೆರಳು ಚಾಚಿದೆ.
ಅಂಚಿನಿಂದ ಅಂಚಿಗೆ ಕಪ್ಪು;
ಎಲ್ಲಿ ಇಡುವುದೆಂದು ತಿಳಿಯದೆ
ಬೆರಳು ಗಾಳಿಯಲ್ಲೇ ನಿಂತಿತು.

‘ಇರ್ಲಿ ಬಿಡು,’ ಅಂದ.
ಗೇಟಿನಾಚೆ ಯಾರದೋ ಫ್ಯೂಸು ಹೋಗಿತ್ತು.
ಫೋಟೊ ಸುರುಳಿ ಸುತ್ತಿ, ಇಕ್ಕಳದ ಪಕ್ಕ
ಚೀಲದೊಳಗೆ ಇಳಿಸಿಕೊಂಡು ಹೊರಟ.